ಹಂತಹಂತವಾಗಿ ಬದಲಾಗುವ ಮೇಲ್ಮೈ: ಗಣಕ ಆಟದ ಗೋಡೆಯೂ ಸವಕಳಿಯ ಲೆಕ್ಕವೂ

ಕಳೆದ ಮಳೆಗಾಲದಲ್ಲಿ ಕೆಲಗೇರಿಯ ತರುಣರೊಬ್ಬರು ಒಂದು ಬಿಲ್ಲಿನ ಪ್ರತಿಯನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದಿದ್ದರು. ಇಂಜಿನಿಯರಿಂಗ್ ಪದವಿ ಮುಗಿಸಿ, ತಮ್ಮ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಮೂವರು ಸಂಗಡಿಗರೊಂದಿಗೆ ಗಣಕ ಆಟಗಳಿಗೆ ಬೇಕಾಗುವ ಚಿತ್ರಗಳನ್ನು ಸಿದ್ಧಪಡಿಸಿಕೊಡುವ ಉದ್ಯೋಗವನ್ನು ಅವರು ನಡೆಸುತ್ತಾರೆ. ಹೊರರಾಜ್ಯದ ಕಂಪನಿಯೊಂದು ತನ್ನ ಮೊಬೈಲ್ ಆಟಕ್ಕಾಗಿ ಒಂದು ಹಳೆಯ ಮಣ್ಣಿನ ಗೋಡೆಯನ್ನು ಮಾಡಿಕೊಡುವಂತೆ ಅವರಿಗೆ ಆದೇಶ ನೀಡಿತ್ತು. ಆಟ ನಡೆಯುವ ಒಂದು ಗಂಟೆಯ ಅವಧಿಯಲ್ಲಿ ಮಳೆ ಹಿಡಿದು, ಒಣಗಿದ್ದ ಆ ಗೋಡೆ ನೆನೆದು, ಕಡೆಗೆ ಹಾವಸೆ ಕಟ್ಟಬೇಕು. ಇವರು ಗೋಡೆಯ ಹನ್ನೆರಡು ಅವಸ್ಥೆಗಳನ್ನು ಬಿಡಿಸಿ, ಚಿತ್ರವೊಂದಕ್ಕೆ 6,000 ರೂಪಾಯಿಯಂತೆ 72,000 ರೂಪಾಯಿಗಳ ಬಿಲ್ಲು ಕಳುಹಿಸಿದ್ದರು. ಕಂಪನಿಯವರು, ಹನ್ನೆರಡು ಚಿತ್ರಗಳು ಮೊಬೈಲಿನ ಸ್ಮೃತಿಯಲ್ಲಿ ಹಿಡಿಸುವುದಿಲ್ಲ, ಮೂರರಲ್ಲಿ ಈ ಕೆಲಸ ಆಗಬೇಕಿತ್ತು, ಆದ್ದರಿಂದ ಮೂರರ ಹಣ 18,000 ರೂಪಾಯಿ ಮಾತ್ರ ಕೊಡುತ್ತೇವೆ, ಅದೂ ಹೊಸದಾಗಿ ಮಾಡಿಕೊಟ್ಟ ಮೇಲೆ ಎಂದು ಉತ್ತರಿಸಿದ್ದರು.

"ಸರ್, ಹನ್ನೆರಡು ಮಾಡೀನಿ, ಹನ್ನೆರಡರ ರೊಕ್ಕಾ ಕೊಡಬೇಕಲ್ರೀ?" ಎಂಬುದು ಅವರ ಪ್ರಶ್ನೆಯಾಗಿತ್ತು. ವಾಣಿಜ್ಯ ಪದವೀಧರನಾದ ನನಗೆ ಹನ್ನೆರಡು ಚಿತ್ರಗಳ ಕೆಲಸ ಮೂರರಲ್ಲಿ ಹೇಗೆ ಆಗುತ್ತದೆಂಬುದೇ ತಿಳಿಯಲಿಲ್ಲ. ಅದನ್ನು ತಿಳಿಯದೆ ಬಿಲ್ಲಿನ ವಿಷಯದಲ್ಲಿ ಸಲಹೆ ನೀಡುವುದು ಸರಿಯಲ್ಲವೆಂದು, ಎರಡು ಸಂಜೆಗಳನ್ನು ಅವರ ಕೋಣೆಯಲ್ಲಿ ಕಳೆದು ತಂತ್ರವನ್ನು ಅರಿತುಕೊಂಡೆನು. ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಈಗ ಈ ಉದ್ಯೋಗದತ್ತ ಹೊರಳುತ್ತಿರುವುದರಿಂದ ಅದನ್ನು ಇಲ್ಲಿ ವಿವರಿಸುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಗಣಕ ಆಟವೆಂದೊಡನೆ ಹಣ ಕಟ್ಟಿ ಆಡುವ ಜೂಜೇ ನಮ್ಮ ಹಿರಿಯ ವರ್ತಕರ ಮನಸ್ಸಿಗೆ ಬರುತ್ತದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮವು ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಹಾಗೂ ಸಾಮಾಜಿಕ ಆಟಗಳನ್ನು ಬೇರೆಯಾಗಿಯೇ ಪರಿಗಣಿಸಿದೆ. ಚಿತ್ರ ಬಿಡಿಸುವ, ಆಟ ಕಟ್ಟುವ ಕಸುಬು ಜೂಜಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ದೇಶದ ಇಂತಹ ಉದ್ಯಮಗಳಲ್ಲಿ ಮೊದಲಿನದೆಂದು ಹೆಸರಾಗಿದೆ. ಅದು ಫೋರ್ಜಾ ಎಂಬ ಕಾರು ಓಟದ ಆಟಗಳಿಗೆ ಕಾರುಗಳ ಮಾದರಿಗಳನ್ನು ಮಾಡಿಕೊಟ್ಟಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆ ಸುಮಾರು 79 ಲಕ್ಷ ಡಾಲರ್ ನೀಡಿ ಅದನ್ನು ಕೊಂಡುಕೊಂಡಿತು. ಅನಿಮೇಷನ್, ಗೇಮಿಂಗ್ ಮುಂತಾದ ಕ್ಷೇತ್ರಗಳಿಗಾಗಿ ಪ್ರತ್ಯೇಕ ನೀತಿಯನ್ನು 2012ರಲ್ಲಿ ದೇಶದಲ್ಲೇ ಮೊದಲಿಗೆ ಪ್ರಕಟಿಸಿದ್ದು ನಮ್ಮ ರಾಜ್ಯ. 2017 ಮತ್ತು 2024ರಲ್ಲಿ ಅದರ ಮುಂದಿನ ಆವೃತ್ತಿಗಳು ಬಂದಿವೆ. ನೀತಿಯ ಫಲ ಬೆಂಗಳೂರನ್ನು ದಾಟಿ ನಮ್ಮ ಕಡೆಗೆ ಎಷ್ಟು ಬಂದಿದೆಯೆಂಬುದು ಬೇರೆ ಮಾತು.

ಈಗ ವಿಷಯಕ್ಕೆ ಬರೋಣ. ಆಟದ ಪರದೆಯ ಮೇಲೆ ಕಾಣುವ ಗೋಡೆ, ಗಿಡ, ಮೂರ್ತಿ ಎಲ್ಲವೂ ಸಣ್ಣ ಸಣ್ಣ ತ್ರಿಕೋನಗಳಿಂದ ಕಟ್ಟಿದ ಟೊಳ್ಳು ಆಕಾರಗಳು. ಆ ಆಕಾರಕ್ಕೆ ಉಡುಗೊರೆಯ ಪೆಟ್ಟಿಗೆಗೆ ಕಾಗದ ಸುತ್ತಿದಂತೆ ಒಂದು ಚಿತ್ರವನ್ನು ಸುತ್ತುತ್ತಾರೆ. ಇದೇ ಟೆಕ್ಸ್ಚರ್, ಅಂದರೆ ಮೇಲ್ಮೈ ಚಿತ್ರ. 1974ರಲ್ಲಿ ಎಡ್ವಿನ್ ಕ್ಯಾಟ್ಮಲ್ ಎಂಬ ಸಂಶೋಧಕರು ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಈ ವಿಧಾನವನ್ನು ಮೊದಲು ನಿರೂಪಿಸಿದರು. ಆಕಾರ ಹಾಗೆಯೇ ಇದ್ದು ಚಿತ್ರವನ್ನು ಮಾತ್ರ ಬದಲಿಸಿದರೆ ಗೋಡೆ ಹೊಸದೂ ಆಗುತ್ತದೆ, ಹಳೆಯದೂ ಆಗುತ್ತದೆ.

ನಮ್ಮ ತರುಣರು ಅನುಸರಿಸಿದ್ದು ಎಲ್ಲಕ್ಕಿಂತ ಸರಳವಾದ ಮಾರ್ಗ. ಐದು ನಿಮಿಷಕ್ಕೊಮ್ಮೆ ಒಂದು ಚಿತ್ರವನ್ನು ತೆಗೆದು ಮುಂದಿನದನ್ನು ಹಾಕುವುದು. ಇದರಲ್ಲಿ ಎರಡು ದೋಷಗಳಿವೆ. ಬದಲಾವಣೆಯು ಕಣ್ಣಿಗೆ ಜಿಗಿತವಾಗಿ ಕಾಣುತ್ತದೆ. ಜೊತೆಗೆ ಸ್ಮೃತಿಯ ಖರ್ಚು ಬಹಳ. ಲೆಕ್ಕವನ್ನು ನೋಡಿರಿ. ಅಡ್ಡ 2048, ಉದ್ದ 2048 ಬಿಂದುಗಳ ಚಿತ್ರದಲ್ಲಿ ಒಟ್ಟು 41,94,304 ಬಿಂದುಗಳು. ಬಿಂದುವಿಗೆ ನಾಲ್ಕು ಬೈಟ್‌ನಂತೆ 16 ಮೆಗಾಬೈಟ್. ದೂರದಿಂದ ನೋಡುವಾಗ ಬಳಸಲು ಇದೇ ಚಿತ್ರದ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳನ್ನೂ ಜೊತೆಗಿಡಬೇಕಾಗುವುದರಿಂದ ಮೂರನೆಯ ಒಂದು ಪಾಲು ಸೇರಿ ಸುಮಾರು 21.3 ಮೆಗಾಬೈಟ್ ಆಗುತ್ತದೆ. ಹನ್ನೆರಡು ಚಿತ್ರಗಳಿಗೆ 256 ಮೆಗಾಬೈಟ್! ಸಂಕೋಚನ ವಿಧಾನದಿಂದ ಬಿಂದುವಿಗೆ ಒಂದು ಬೈಟ್‌ಗೆ ಇಳಿಸಿದರೂ 64 ಮೆಗಾಬೈಟ್ ಒಂದು ಗೋಡೆಗೇ ಹೋಗುತ್ತದೆ. ಆಟದಲ್ಲಿ ಗೋಡೆ ಒಂದೇ ಇರುವುದಿಲ್ಲವಲ್ಲ. ಮೂರು ಚಿತ್ರಗಳಾದರೆ 16 ಮೆಗಾಬೈಟ್‌ನಲ್ಲಿ ಮುಗಿಯುತ್ತದೆ. ಕಂಪನಿಯವರ ಆಕ್ಷೇಪಣೆಯಲ್ಲಿ ಇಷ್ಟು ಮಟ್ಟಿಗೆ ಹುರುಳಿತ್ತೆಂದು ಒಪ್ಪಲೇಬೇಕು.

ಆ ಮೂರು ಚಿತ್ರಗಳು ಯಾವುವು? ಮೊದಲನೆಯದು ಒಣಗಿದ ಗೋಡೆ, ಎರಡನೆಯದು ಹಾವಸೆ ಕಟ್ಟಿದ ಗೋಡೆ. ಇವೆರಡನ್ನೂ ಒಟ್ಟಿಗೆ ಸ್ಮೃತಿಯಲ್ಲಿಟ್ಟು, ಶೇಡರ್ ಎಂಬ ಕಿರು ಕ್ರಮವಿಧಿಗೆ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಅದನ್ನು ಮಿಶ್ರಣಾಂಕವೆನ್ನೋಣ. ಅದು ಸೊನ್ನೆಯಿದ್ದರೆ ಮೊದಲನೆಯ ಚಿತ್ರ, ಒಂದು ಆದರೆ ಎರಡನೆಯ ಚಿತ್ರ, ನಡುವೆ ಇದ್ದರೆ ಎರಡರ ಮಿಶ್ರಣ. ಒಂದು ಬಿಂದುವಿನ ಕೆಂಪು ಬಣ್ಣದ ಬೆಲೆ ಮೊದಲ ಚಿತ್ರದಲ್ಲಿ 200, ಎರಡನೆಯದರಲ್ಲಿ 80 ಇದೆಯೆಂದುಕೊಳ್ಳಿರಿ. ಮಿಶ್ರಣಾಂಕ 0.25 ಆದಾಗ 200ರ ಮುಕ್ಕಾಲು ಪಾಲು 150, 80ರ ಕಾಲು ಪಾಲು 20, ಒಟ್ಟು 170. ಪರದೆಯ ಪ್ರತಿ ಬಿಂದುವಿಗೂ ಸೆಕೆಂಡಿಗೆ ಮೂವತ್ತು ಅರುವತ್ತು ಸಲ ಈ ಗುಣಾಕಾರ ನಡೆಯುತ್ತದೆ. ಚಿತ್ರಸಂಸ್ಕಾರಕ ಯಂತ್ರ ಹುಟ್ಟಿರುವುದೇ ಇಂತಹ ಕೆಲಸಕ್ಕಾಗಿ, ಆದ್ದರಿಂದ ಅದಕ್ಕೆ ಇದು ಭಾರವಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಸವಕಳಿಯ ಸರಳ ರೇಖಾ ಪದ್ಧತಿ. ಯಂತ್ರವೊಂದರ ಮೂಲ ಬೆಲೆ ಒಂದು ತುದಿ, ಗುಜರಿ ಬೆಲೆ ಇನ್ನೊಂದು ತುದಿ. ಕಳೆದುಹೋದ ಆಯುಷ್ಯದ ಪಾಲಿಗೆ ತಕ್ಕಂತೆ ಪುಸ್ತಕದ ಬೆಲೆ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ಹತ್ತು ವರ್ಷದ ಯಂತ್ರಕ್ಕೆ ನಾವು ಹತ್ತು ಬೇರೆ ಬೇರೆ ಮೌಲ್ಯಮಾಪನ ಪತ್ರಗಳನ್ನು ಮಾಡಿಸುವುದಿಲ್ಲ. ಎರಡು ಅಂಕಿಗಳು, ಒಂದು ಅವಧಿ, ಇಷ್ಟೇ ಸಾಕು.

ಆದರೆ ಇಷ್ಟನ್ನೇ ಮಾಡಿದರೆ ಗೋಡೆ ಗೋಡೆಯಂತೆ ಕಾಣುವುದಿಲ್ಲ. ಇಡೀ ಗೋಡೆಯ ಮೇಲೆ ಹಸಿರು ಏಕಕಾಲಕ್ಕೆ, ಏಕಪ್ರಮಾಣದಲ್ಲಿ, ಸಿನಿಮಾದಲ್ಲಿ ಒಂದು ದೃಶ್ಯ ಇನ್ನೊಂದರಲ್ಲಿ ಕರಗಿದಂತೆ ಮೂಡುತ್ತದೆ. ಧಾರವಾಡದ ಮಳೆ ಕಂಡವರಿಗೆ ಹಾವಸೆ ಹೇಗೆ ಏರುತ್ತದೆಂದು ಹೇಳಬೇಕಾಗಿಲ್ಲ. ಬುಡದಲ್ಲಿ, ಹಂಚಿನಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ, ಬಿರುಕುಗಳಲ್ಲಿ ಮೊದಲು. ಬಿಸಿಲು ಬೀಳುವ ನೆತ್ತಿಯಲ್ಲಿ ಕಡೆಗೆ. ಇಲ್ಲಿಯೇ ಮೂರನೆಯ ಚಿತ್ರದ ಪಾತ್ರ. ಅದಕ್ಕೆ ಬಣ್ಣವಿಲ್ಲ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳು ಮಾತ್ರ. ಕಸುಬಿನವರು ಇದನ್ನು ಮಾಸ್ಕ್ ಎನ್ನುತ್ತಾರೆ. ನಾನು ಇದನ್ನು ವಾಯಿದೆ ಚಿತ್ರವೆಂದು ಕರೆಯಬಯಸುತ್ತೇನೆ. ಪ್ರತಿ ಬಿಂದುವಿಗೂ ಇದರಲ್ಲಿ ಒಂದು ವಾಯಿದೆ ಬರೆದಿರುತ್ತದೆ. ಕಪ್ಪು ಎಂದರೆ ವಾಯಿದೆ ಬೇಗ, ಬಿಳಿ ಎಂದರೆ ತಡವಾಗಿ. ಮಿಶ್ರಣಾಂಕವು ಸೊನ್ನೆಯಿಂದ ಒಂದರ ಕಡೆಗೆ ಸಾಗುತ್ತಿರುವಂತೆ ಯಾವ ಬಿಂದುಗಳ ವಾಯಿದೆ ಮೀರಿತೋ ಅವು ಹಸಿರಾಗುತ್ತವೆ, ಉಳಿದವು ಒಣಗಿಯೇ ಇರುತ್ತವೆ. ಬಾಕಿದಾರರ ಪಟ್ಟಿಯನ್ನು ಒಂದು ತಾರೀಖಿಗೆ ತೆಗೆದು, ವಾಯಿದೆ ಮೀರಿದವರನ್ನು ಬೇರ್ಪಡಿಸುವ ಕ್ರಮವೇ ಇದು. ಗಡಿ ಕತ್ತರಿಸಿದಂತೆ ಕಾಣದಿರಲು ವಾಯಿದೆಯ ಹಿಂದುಮುಂದೆ ಸ್ವಲ್ಪ ರಿಯಾಯಿತಿ ಅವಧಿಯನ್ನು ಕೊಟ್ಟು, ಅದರೊಳಗೆ ಮೆಲ್ಲನೆ ಬೆರೆಸುತ್ತಾರೆ.

ವಾಯಿದೆ ಚಿತ್ರವನ್ನು ಬರೆಯುವುದರಲ್ಲಿಯೇ ಕಲೆಗಾರನ ನಿಜವಾದ ಕೌಶಲವಿದೆ. ಕೆಲಗೇರಿಯಲ್ಲಿ ಚೌತಿಗೆ ಮುಂಚೆ ಮಣ್ಣಿನ ಗಣಪತಿಗಳನ್ನು ಮಾಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಹಸಿ ಮೂರ್ತಿಯ ಕಿವಿಯ ಅಂಚು, ಬೆರಳ ತುದಿ, ಕಿರೀಟದ ಮೊನೆ ಮೊದಲು ಒಣಗಿ ಬಿಳುಪೇರುತ್ತವೆ. ಹೊಟ್ಟೆಯ ಮಡಿಕೆ, ಸೊಂಡಿಲಿನ ಕೆಳಭಾಗ ಬಹಳ ದಿನ ಕಪ್ಪಗಿರುತ್ತವೆ. ತೆಳುವಾದದ್ದು ಬೇಗ, ದಪ್ಪನೆಯದು ತಡ. ಇದನ್ನು ಕಂಡು ಬಲ್ಲವನು ಬರೆದ ಮಾಸ್ಕ್‌ಗೂ, ಕಾಣದವನು ಬರೆದದ್ದಕ್ಕೂ ಅಜಗಜಾಂತರ. ಇಂತಹ ನೋಟವಿಲ್ಲದೆಡೆ ಗಣಿತದಿಂದ ಹುಟ್ಟಿಸಿದ ಮೋಡದಂತಹ ಕಲೆಗಳನ್ನು ಬಳಸುವುದುಂಟು. ಕೆನ್ ಪರ್ಲಿನ್ ಎಂಬವರು 1980ರ ದಶಕದಲ್ಲಿ ರೂಪಿಸಿದ ಈ ಸೂತ್ರಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪುರಸ್ಕಾರವೂ ದೊರೆತಿದೆ. ಉತ್ತಮ ಕೆಲಸದಲ್ಲಿ ಎರಡನ್ನೂ ಬೆರೆಸಿರುತ್ತಾರೆ.

ಬಣ್ಣವೊಂದನ್ನೇ ಬದಲಿಸಿದರೆ ಸಾಲದು. ಒದ್ದೆಯಾದ ಮಣ್ಣು ಕಪ್ಪಾಗುವುದಷ್ಟೇ ಅಲ್ಲ, ಹೊಳೆಯುತ್ತದೆ ಕೂಡ. ಆದ್ದರಿಂದ ಮೇಲ್ಮೈಯ ಒರಟುತನವನ್ನು ಸೂಚಿಸುವ ಬೆಲೆಯೂ ಅದೇ ಮಿಶ್ರಣಾಂಕದಿಂದ ಇಳಿಯಬೇಕು. ಇನ್ನೊಂದು ಸೂಕ್ಷ್ಮವನ್ನು ಆ ತರುಣರು ತೋರಿಸಿದರು. ಕಪ್ಪಿನ ಬೆಲೆ 0, ಬಿಳಿಯದು 255 ಎಂದಾಗ ಇವೆರಡರ ನಡುವಿನ ಬೆಳಕು 128 ಎಂದು ನಾವು ತಿಳಿಯುತ್ತೇವೆ. ಆದರೆ ಚಿತ್ರದ ಕಡತದಲ್ಲಿ ಅಂಕಿಗಳನ್ನು ಕಣ್ಣಿನ ಗ್ರಹಿಕೆಗೆ ತಕ್ಕಂತೆ ಬಾಗಿಸಿ ಬರೆದಿರುವುದರಿಂದ, ಅರ್ಧ ಬೆಳಕನ್ನು ಸೂಚಿಸುವ ಅಂಕಿ 188. ಬಾಗಿಸಿದ ಅಂಕಿಗಳನ್ನೇ ಕೂಡಿಸಿದರೆ ನಡುವಿನ ಹಂತದಲ್ಲಿ ಗೋಡೆ ಅಕಾರಣವಾಗಿ ಮಂಕಾಗುತ್ತದೆ. ಮೊದಲು ನಿಜವಾದ ಬೆಳಕಿನ ಪ್ರಮಾಣಕ್ಕೆ ತಂದು, ಬೆರೆಸಿ, ಮರಳಿ ಬಾಗಿಸಬೇಕು. ಡಾಲರ್ ಮತ್ತು ರೂಪಾಯಿಗಳನ್ನು ಒಂದೇ ನಾಣ್ಯಕ್ಕೆ ಪರಿವರ್ತಿಸದೆ ಮೊತ್ತ ಹಾಕಿದಂತಹ ತಪ್ಪು ಇದು.

ಲೆಕ್ಕಿಗನಾದ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದ್ದು ಕಾಲದ ಪ್ರಶ್ನೆ. ಹೊಸಬರು ಮಾಡುವ ಒಂದು ಸಾಮಾನ್ಯ ತಪ್ಪಿದೆ. ಪರದೆಯ ಚಿತ್ರ ಪ್ರತಿ ಸಲ ಮೂಡಿದಾಗಲೂ ಮಿಶ್ರಣಾಂಕವನ್ನು ಗುರಿಯ ಕಡೆಗೆ, ಉಳಿದ ಅಂತರದ ಶೇ. 10ರಷ್ಟು ಸರಿಸುತ್ತಾರೆ. ಬರೆಯಲು ಒಂದೇ ಸಾಲು, ನೋಡಲು ನಯ. ಆದರೆ ಇದು ನಮ್ಮ ಇಳಿಕೆ ಮೌಲ್ಯ ಪದ್ಧತಿಯಲ್ಲದೆ ಬೇರೇನೂ ಅಲ್ಲ! 1,00,000 ರೂಪಾಯಿಯ ಗಣಕಯಂತ್ರದ ಮೇಲೆ ವರ್ಷಕ್ಕೆ ಶೇ. 40ರಂತೆ ಸವಕಳಿ ಕಳೆಯುತ್ತ ಹೋದರೆ ಹತ್ತು ವರ್ಷಗಳ ನಂತರವೂ 605 ರೂಪಾಯಿ ಉಳಿದಿರುತ್ತದೆ. ಶಿಲ್ಕು ಎಂದಿಗೂ ಸೊನ್ನೆಯಾಗುವುದಿಲ್ಲ. ಹಾಗೆಯೇ ಗೋಡೆಯೂ ಪೂರ್ತಿ ಹಸಿರಾಗುವುದೇ ಇಲ್ಲ. ಪೂರ್ತಿಯಾದ ಮೇಲೆ ಬಾಗಿಲು ತೆರೆಯಬೇಕೆಂದು ಆಟದಲ್ಲಿ ಬರೆದಿದ್ದರೆ ಆ ಬಾಗಿಲು ಮುಚ್ಚಿಯೇ ಇರುತ್ತದೆ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಬೆಲೆಬಾಳುವ ಮೊಬೈಲು ಸೆಕೆಂಡಿಗೆ 60 ಚಿತ್ರಗಳನ್ನು ಮೂಡಿಸಿದರೆ, ಅಗ್ಗದ್ದು 30 ಮೂಡಿಸುತ್ತದೆ. ಮೇಲಿನ ಕ್ರಮದಲ್ಲಿ ಒಂದು ಸೆಕೆಂಡಿನ ನಂತರ ಮೊದಲನೆಯದರಲ್ಲಿ ಉಳಿಯುವ ಅಂತರ ಶೇ. 0.18, ಎರಡನೆಯದರಲ್ಲಿ ಶೇ. 4.24. ಎಂದರೆ ಒಂದೇ ಗೋಡೆ ಶ್ರೀಮಂತನ ಮೊಬೈಲಿನಲ್ಲಿ ಬೇಗ ಹಳೆಯದಾಗುತ್ತದೆ, ಬಡವನದರಲ್ಲಿ ತಡವಾಗಿ. ಬಡ್ಡಿಯನ್ನು ದಿನಗಳ ಮೇಲೆ ಕಟ್ಟದೆ, ಕೀರ್ದಿಯಲ್ಲಿ ಎಷ್ಟು ಸಲ ನಮೂದು ಮಾಡಿದೆವೆಂಬುದರ ಮೇಲೆ ಕಟ್ಟಿದಂತಾಯಿತು. ಸರಿಯಾದ ಕ್ರಮವೆಂದರೆ ಕಳೆದ ಸೆಕೆಂಡುಗಳನ್ನು ಒಟ್ಟು ಅವಧಿಯಿಂದ ಭಾಗಿಸುವುದು. ಒಂದು ಗಂಟೆಯ 3,600 ಸೆಕೆಂಡುಗಳಲ್ಲಿ 900 ಕಳೆದಿದ್ದರೆ ಮಿಶ್ರಣಾಂಕ 0.25, ಯಾವ ಮೊಬೈಲಾದರೂ ಸರಿ. ಯೂನಿಟಿ, ಅನ್‌ರಿಯಲ್ ಮೊದಲಾದ ಆಟ ಕಟ್ಟುವ ತಂತ್ರಾಂಶಗಳು ಹಿಂದಿನ ಚಿತ್ರದಿಂದ ಈವರೆಗೆ ಕಳೆದ ಕಾಲವನ್ನು ತಾವೇ ತಿಳಿಸುತ್ತವೆ. ಅದನ್ನು ಕೂಡಿಸುತ್ತ ಹೋದರಾಯಿತು.

ಆಟಗಾರ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ತೆರೆದಾಗ ಗೋಡೆ ಮತ್ತೆ ಒಣಗಿ ನಿಂತಿರಬಾರದು. ಆದ್ದರಿಂದ ಮಿಶ್ರಣಾಂಕವನ್ನು ಉಳಿಕೆ ಕಡತದಲ್ಲಿ ಬರೆದಿಡಬೇಕು. ನಿನ್ನೆಯ ಅಖೈರು ಶಿಲ್ಕು ಇಂದಿನ ಆರಂಭಿಕ ಶಿಲ್ಕಾಗಬೇಕೆಂಬ ನಿಯಮವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಆದರೆ ಮೊದಲ ಆವೃತ್ತಿಯಲ್ಲಿ ಇವರು ಇದನ್ನು ಮರೆತಿದ್ದರು. ಹಾಗೆಯೇ, ಒಂದೇ ಮೇಲ್ಮೈ ವಿವರವನ್ನು ಹತ್ತು ಗೋಡೆಗಳು ಹಂಚಿಕೊಂಡಿದ್ದರೆ ಒಂದನ್ನು ನೆನೆಸಲು ಹೋಗಿ ಹತ್ತನ್ನೂ ನೆನೆಸಿದಂತಾಗುತ್ತದೆ. ಹತ್ತು ಗಿರಾಕಿಗಳಿಗೆ ಒಂದೇ ಖಾತೆ ತೆರೆದಂತೆ. ಚಿತ್ರಗಳು ಹಂಚಿಕೆಯಲ್ಲಿರಲಿ, ಮಿಶ್ರಣಾಂಕ ಮಾತ್ರ ಗೋಡೆಗೊಂದು ಬೇರೆ ಇರಬೇಕು.

ಆಟಗಾರನ ಕ್ರಿಯೆಯಿಂದಲೇ ಬದಲಾವಣೆ ಆಗಬೇಕಾದಾಗ, ಉದಾಹರಣೆಗೆ ಕೆಸರಿನಲ್ಲಿ ಓಡಿದ ಕಾರಿಗೆ ಅಲ್ಲಲ್ಲಿ ಕೆಸರು ಮೆತ್ತಬೇಕಾದಾಗ, ವಾಯಿದೆ ಚಿತ್ರವನ್ನು ಮೊದಲೇ ಬರೆದಿಡಲು ಬರುವುದಿಲ್ಲ. ಆಗ ಖಾಲಿ ಮಾಸ್ಕ್ ಒಂದನ್ನಿಟ್ಟು, ಆಟ ನಡೆಯುತ್ತಿರುವಾಗಲೇ ಅದರ ಮೇಲೆ ಬರೆಯುತ್ತ ಹೋಗುತ್ತಾರೆ. ಇದರ ಖರ್ಚು ಹೆಚ್ಚು, ಮತ್ತು ನಮ್ಮ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಈಗ ಬಿಲ್ಲಿಗೆ ಮರಳೋಣ. ತಂತ್ರವನ್ನು ಅರಿತ ಮೇಲೆ ನನಗೆ ಸ್ಪಷ್ಟವಾದದ್ದೇನೆಂದರೆ, ಚಿತ್ರಗಳ ಎಣಿಕೆಯ ಮೇಲೆ ಬೆಲೆ ಕಟ್ಟಿದ್ದೇ ಮೂಲ ದೋಷ. ಹನ್ನೆರಡು ಚಿತ್ರಗಳಿಗಿಂತ ಮೂರು ಚಿತ್ರಗಳ ವ್ಯವಸ್ಥೆಯೇ ಹೆಚ್ಚಿನ ಕೌಶಲವನ್ನು ಬೇಡುತ್ತದೆ. ಮಾಸ್ಕ್ ಬರೆಯಬೇಕು, ಶೇಡರ್ ರಚಿಸಬೇಕು, ಅಗ್ಗದ ಮೊಬೈಲಿನಲ್ಲಿ ಪರೀಕ್ಷಿಸಬೇಕು. ಕಡಿಮೆ ಚಿತ್ರಗಳೆಂದು ಕಡಿಮೆ ಹಣ ಕೊಡುವುದು, ಕಡಿಮೆ ಪುಟಗಳಿವೆಯೆಂದು ಲೆಕ್ಕಪರಿಶೋಧನಾ ವರದಿಗೆ ಕಡಿಮೆ ಶುಲ್ಕ ಕೊಟ್ಟಂತೆ. (ಇದನ್ನೂ ಕೆಲವು ಗಿರಾಕಿಗಳು ಪ್ರಯತ್ನಿಸಿದ್ದಾರೆ!) ಇನ್ನೊಂದು ಕಡೆ, ಗುರಿಯಿಟ್ಟ ಮೊಬೈಲು ಯಾವುದು, ಸ್ಮೃತಿಯ ಮಿತಿಯೆಷ್ಟು ಎಂಬುದನ್ನು ಆದೇಶದಲ್ಲಿ ಕಂಪನಿಯೂ ಬರೆದಿರಲಿಲ್ಲ, ಇವರೂ ಕೇಳಿರಲಿಲ್ಲ. ಆದೇಶವೆಂದರೆ ನಾಲ್ಕು ಸಾಲಿನ ಮಿಂಚಂಚೆ.

ಇಂತಹ ಕೆಲಸ ಹಿಡಿಯುವವರು ಒಪ್ಪಂದದಲ್ಲಿ ಬದಲಾವಣೆಯ ಆರಂಭ ಮತ್ತು ಅಂತ್ಯದ ಅವಸ್ಥೆ, ಅವಧಿ, ಚಿತ್ರದ ಅಳತೆ, ಸ್ಮೃತಿಯ ಮಿತಿ, ಉಚಿತವಾಗಿ ಎಷ್ಟು ಸಲ ತಿದ್ದಿಕೊಡಬೇಕು ಎಂಬಿಷ್ಟನ್ನಾದರೂ ಬರೆಸಿಕೊಳ್ಳಬೇಕು. ಕೃತಿಸ್ವಾಮ್ಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಪರಿಗಣಿಸಲಾಗುತ್ತದೆ. ಜಗತ್ತಿನಾದ್ಯಂತ ಮಾರುವ ಆಟಕ್ಕೆ ಕೊಳ್ಳುವವರು ಇದಕ್ಕಿಂತ ಹೆಚ್ಚಿನದನ್ನೇ ಬಯಸುತ್ತಾರೆ, ಮತ್ತು ಆ ಹೆಚ್ಚಿನದಕ್ಕೆ ಬೆಲೆ ಕೇಳುವ ಅಧಿಕಾರ ಚಿತ್ರಕಾರರಿಗಿದೆ. ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಧಿನಿಯಮದಂತೆ ಹಣ ಸಂದಾಯಕ್ಕೆ 45 ದಿನಗಳ ಗರಿಷ್ಠ ಮಿತಿಯುಂಟು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಈ ತರುಣರು ನೋಂದಣಿ ಮಾಡಿಸಿರಲಿಲ್ಲ. ಅರ್ಜಿಗೆ ಶುಲ್ಕವೇ ಇಲ್ಲವೆಂದು ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು.

ತಮ್ಮದೇ ಆಟವೊಂದನ್ನು ಕಟ್ಟುವ ಹಂಬಲವೂ ಅವರಿಗಿದೆ. ಅದರ ಖರ್ಚನ್ನು ಆಸ್ತಿಯೆಂದು ತೋರಿಸಬಹುದೇ ಎಂದು ಕೇಳಿದರು. ಲೆಕ್ಕಪತ್ರ ಮಾನಕ 26ರ ಪ್ರಕಾರ ಹುಡುಕಾಟದ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚೆಂದೇ ಬರೆಯಬೇಕು. ಆಟವನ್ನು ಪೂರ್ಣಗೊಳಿಸಲು ತಾಂತ್ರಿಕವಾಗಿ ಸಾಧ್ಯವಿದೆ, ಅದಕ್ಕೆ ಬೇಕಾದ ಸಾಧನ ಸಂಪತ್ತಿದೆ, ಮುಂದೆ ಆದಾಯ ಬರುವ ಸಂಭವವಿದೆ ಎಂಬಂತಹ ಷರತ್ತುಗಳೆಲ್ಲ ಪೂರ್ತಿಯಾದ ಮೇಲಿನ ಅಭಿವೃದ್ಧಿ ವೆಚ್ಚವನ್ನು ಮಾತ್ರ ಅಗೋಚರ ಆಸ್ತಿಯೆಂದು ತೋರಿಸಲು ಅವಕಾಶ. ಅರ್ಧ ಕಟ್ಟಿದ ಆಟವನ್ನು ದೊಡ್ಡ ಆಸ್ತಿಯೆಂದು ತೋರಿಸಿ ಬ್ಯಾಂಕಿನ ಮುಂದೆ ಇಡುವುದು ಬೇಡವೆಂದು ನಾನು ಹೇಳಿದೆನು. ಅದು ಅವರಿಗೆ ಅಷ್ಟಾಗಿ ರುಚಿಸಲಿಲ್ಲ.

ಬಿಲ್ಲಿನ ವಿಷಯ ಕಡೆಗೆ ಹೀಗೆ ಇತ್ಯರ್ಥವಾಯಿತು. ಹನ್ನೆರಡು ಚಿತ್ರಗಳ ಬಿಲ್ಲನ್ನು ಹಿಂತೆಗೆದುಕೊಂಡು, ಕೆಲಸವನ್ನು ಎರಡು ಮೇಲ್ಮೈ ಚಿತ್ರ, ಒಂದು ಮಾಸ್ಕ್, ಒಂದು ಶೇಡರ್ ಮತ್ತು ಪರೀಕ್ಷೆ ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ತಗಲುವ ದಿನಗಳನ್ನು ಬರೆದು, 54,000 ರೂಪಾಯಿಗಳ ಹೊಸ ಅಂದಾಜನ್ನು ಕಳುಹಿಸಿದೆವು. ಸ್ಮೃತಿಯ ಲೆಕ್ಕವನ್ನು ಒಂದು ಪುಟದಲ್ಲಿ ಅದರ ಜೊತೆಗಿಟ್ಟೆವು. ಮೂರು ವಾರಗಳ ಪತ್ರವ್ಯವಹಾರದ ನಂತರ ಕಂಪನಿಯವರು 45,000ಕ್ಕೆ ಒಪ್ಪಿ, ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸಿದರು. ಮೊದಲ ಹನ್ನೆರಡರಲ್ಲಿ ಎರಡು ಚಿತ್ರಗಳು ಹಾಗೆಯೇ ಉಪಯೋಗಕ್ಕೆ ಬಂದವು, ಉಳಿದ ಹತ್ತು ಅವರ ಗಣಕಯಂತ್ರದಲ್ಲಿಯೇ ಇವೆ. ಅವುಗಳ ಮೇಲೆ ಕಳೆದ ಹದಿನೆಂಟು ದಿನಗಳ ದುಡಿಮೆಯನ್ನು ಆ ವರ್ಷದ ಖರ್ಚಿನಲ್ಲಿಯೇ ಸೇರಿಸಿದ್ದೇವೆ.